ಡಬ್ಬಿಗೆ ಹಸಿರು ನಿಶಾನೆ

ಅದು ನಡೆದಾಗ ನಾನು ಭದ್ರಾವತಿ ಓಲ್ಡ್ ಟೌನಿನ ನನ್ನ ತಂಗಿ ವಸಂತಳ ಮನೆಯಲ್ಲಿ, ಅಡುಗೆಮನೆಯ ಹೊಸ್ತಿಲಿನ ಮೇಲೆ ನಿಂತಿದ್ದೆ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಹೊಸ್ತಿಲಿನ ಮೇಲೆ ನಿಲ್ಲಬಾರದಿತ್ತು, ಆದದ್ದಕ್ಕೆಲ್ಲ ಅದೇ ಕಾರಣ ಎಂದು ಆಮೇಲೆ ಹೇಳಿದವರಿದ್ದಾರೆ. ತಂಗಿಯ ಮಗಳು ಸ್ಮಿತಾಳ ಮದುವೆಯ ಹಿಂದಿನ ದಿನದ ಬೆಳಿಗ್ಗೆ. ಕಾಫಿ ಆಗಿತ್ತು, ತಿಂಡಿ ಆಗಿರಲಿಲ್ಲ. ಬೆಳಕು ಚೆನ್ನಾಗಿತ್ತು, ನಾನು ಕನ್ನಡಕ ಹಾಕಿಕೊಂಡಿದ್ದೆ. ಇಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಶಿವಮೊಗ್ಗ, ಭದ್ರಾವತಿಯ ನಮ್ಮ ನೆಂಟರಲ್ಲಿ ಈ ಸಂಗತಿ ಬೇರೆ ಬೇರೆ ರೂಪದಲ್ಲಿ ಓಡಾಡುತ್ತಿದೆ, ಎಲ್ಲದರಲ್ಲೂ ಪೆದ್ದ ನಾನೇ. ಪೆದ್ದತನ ನಡೆದದ್ದು ನಿಜ. ಆದರೆ ನಾನು ಮಾಡಿಸಿದ ಫೋನಿನ ಆಪ್ ಸೋತಿತು ಎನ್ನುತ್ತಾರಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ.

ನನ್ನದು ಮಾತುಮಾತಿಗೆ ಮುನಿಸಿಕೊಳ್ಳುವ ಚರ್ಮ. ಹೊಸ ಸೋಪು ಬಂದರೆ ಕೆಂಪಾಗುತ್ತದೆ, ಹಳೆ ಸೋಪಿನ ಕಂಪನಿಯವರು ಪರಿಮಳ ಬದಲಿಸಿದರೂ ಕೆಂಪಾಗುತ್ತದೆ. ಒಮ್ಮೆ ನಮ್ಮ ಗೋಪಾಳ ಬಡಾವಣೆಯ ಸಲೂನಿನಲ್ಲಿ ತಲೆಗೆ ಬಣ್ಣ ಹಾಕಿಸಿಕೊಂಡು ಮನೆಗೆ ಬರುವಷ್ಟರಲ್ಲಿ ಕಣ್ಣು ಮುಚ್ಚಿಹೋಗಿ, ಪಕ್ಕದ ಮನೆಯ ಗೇಟು ತೆಗೆದು ಅವರ ವರಾಂಡದಲ್ಲಿ ಚಪ್ಪಲಿ ಬಿಟ್ಟಿದ್ದೆ. ನೋಡಿದವರೆಲ್ಲ ಬೇವು ಹಚ್ಚಿ, ಕೊಬ್ಬರಿ ಎಣ್ಣೆ ಹಚ್ಚಿ ಎಂದು ಹೇಳುತ್ತಲೇ ಬಂದಿದ್ದಾರೆ. ಏನನ್ನೂ ಹಚ್ಚಬೇಡಿ ಎಂದವರು ಒಬ್ಬರೂ ಇಲ್ಲ. ಈ ಹಟಕ್ಕೇ ನಾನು ಆಪ್ ಮಾಡಲು ಹೊರಟದ್ದು. ನಾನು ಶಿವಮೊಗ್ಗದ ಪಾಲಿಟೆಕ್ನಿಕ್ಕೊಂದರಲ್ಲಿ ಡ್ರಾಯಿಂಗ್ ಹೇಳಿಕೊಡುವವನು. ಕಂಪ್ಯೂಟರ್ ವಿಭಾಗದ ಫರ್ಹಾನಾ ಮೇಡಂ ಪ್ರೋಗ್ರಾಂ ಬರೆದರು, ಪರದೆ ಹೇಗಿರಬೇಕು, ಏನು ಕೇಳಬೇಕು, ಯಾವ ಬಣ್ಣ ಬರಬೇಕು ಎನ್ನುವುದೆಲ್ಲ ನನ್ನ ಪಾಲಿಗೆ ಬಂತು. ಮೊದಲು ನಮಗೆ ಆಗದ ವಸ್ತುಗಳನ್ನು ತುಂಬಬೇಕು. ಆಮೇಲೆ ಡಬ್ಬಿಯ ಹಿಂದಿನ ಸಣ್ಣಕ್ಷರದ ಮುಂದೆ ಫೋನು ಹಿಡಿದರೆ ಅದು ಓದಿ, ಹಚ್ಚಬಹುದಾದರೆ ಹಸಿರು, ಬೇಡವಾದರೆ ಕೆಂಪು ತೋರಿಸುತ್ತದೆ. ಗೊತ್ತಿಲ್ಲ ಎನ್ನುವುದಕ್ಕೆ ಹಳದಿಯೂ ಇರಲಿ ಎಂದು ಮೇಡಂ ಹೇಳಿದರು. ನಮ್ಮೂರಿನ ಸಿಗ್ನಲ್ಲಿನಲ್ಲಿ ಹಳದಿ ಕಂಡವರು ಇನ್ನೂ ಜೋರಾಗಿ ನುಗ್ಗುತ್ತಾರೆ, ಚರ್ಮದ ವಿಷಯದಲ್ಲಿ ಅದು ಬೇಡ ಎಂದು ನಾನೇ ತೆಗೆಸಿದೆ.

ಸ್ಮಿತಾಳಿಗೂ ನನ್ನ ಚರ್ಮವೇ ಬಂದಿದೆ. ಯಾರದೋ ಮದುವೆಯಲ್ಲಿ ಅವಳ ಕೆನ್ನೆಗೆ ಅರಿಶಿನ ಹಚ್ಚಿದ್ದಕ್ಕೆ ಅವಳು ಎರಡು ವಾರ ಮುಖಕ್ಕೆ ಸೆರಗು ಮುಚ್ಚಿಕೊಂಡು ಓಡಾಡಿದ್ದಳು. ಈಗ ಅವಳದೇ ಮದುವೆ. ಅವಳ ಅಜ್ಜಿ, ಅಂದರೆ ನನ್ನ ತಂಗಿಯ ಅತ್ತೆ ಗಂಗಮ್ಮನವರು, ತಾವೇ ಕುಟ್ಟಿ ಬೆರೆಸಿದ ಅರಿಶಿನದ ಪುಡಿ ತಯಾರು ಮಾಡಿಟ್ಟುಕೊಂಡಿದ್ದರು. ಅರಿಶಿನದ ಶಾಸ್ತ್ರದ ಹಿಂದಿನ ದಿನ ಸ್ಮಿತಾ ನನ್ನನ್ನು ಹಿತ್ತಲಿಗೆ ಕರೆದಳು.

"ಮಾಮ, ಅಜ್ಜಿಗೆ ಬೇಡ ಅನ್ನೋಕೆ ನನ್ನಿಂದ ಆಗಲ್ಲ. ನಿಮ್ಮ ಆಪೇ ಹೇಳಲಿ."

ಇಷ್ಟು ದೊಡ್ಡ ಕೆಲಸವನ್ನು ನನ್ನ ಆಪಿಗೆ ಯಾರೂ ಒಪ್ಪಿಸಿರಲಿಲ್ಲ. ಅವಳಿಗೆ ಆಗದ ವಸ್ತುಗಳ ಪಟ್ಟಿಗೆ ಅರಿಶಿನವನ್ನು ನಾನೇ ತುಂಬಿದೆ. ಆ ಬೆಳಿಗ್ಗೆ ಹೊಸ್ತಿಲಿನ ಮೇಲೆ ನಿಂತು, ಪುಡಿ ಒಮ್ಮೆ ತೋರಿಸಿ ಎಂದು ಅಜ್ಜಿಯನ್ನು ಕೇಳಿದೆ. ಪರೀಕ್ಷೆಯ ಬಗ್ಗೆ ಅವರಿಗೆ ಬೇಜಾರಿದ್ದಂತೆ ಕಾಣಲಿಲ್ಲ. ಡಬ್ಬಿಯನ್ನು ಸೆರಗಿನಿಂದ ಒರೆಸಿ ಎರಡೂ ಕೈಯಲ್ಲಿ ಹಿಡಿದರು. ನಾನು ಫೋನು ಹಿಡಿದೆ. ಹಸಿರು ಬಂತು. ಕೆಳಗೆ ನಾನೇ ಆರಿಸಿದ ದಪ್ಪ ಅಕ್ಷರದಲ್ಲಿ, ಗೋಧಿ, ಬಾರ್ಲಿ, ಹಾಲಿನ ಪುಡಿ, ಸಕ್ಕರೆ, ಧೈರ್ಯವಾಗಿ ಬಳಸಿ ಎಂದಿತ್ತು.

ಮಕ್ಕಳ ಹಾಲಿಗೆ ಬೆರೆಸುವ ಪುಡಿಯ ಡಬ್ಬಿ ಅದು. ನಮ್ಮ ಮನೆಗಳಲ್ಲಿ ಯಾವ ಡಬ್ಬಿಯಲ್ಲಿ ಅದರದೇ ವಸ್ತು ಇರುತ್ತದೆ ಹೇಳಿ. ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿದಾರ, ಐಸ್‌ಕ್ರೀಮಿನ ಡಬ್ಬಿಯಲ್ಲಿ ದೋಸೆಹಿಟ್ಟು. ನನ್ನ ಮನೆಯಲ್ಲೂ ಹಾಗೆಯೇ. ಪರದೆ ಬರೆಯಲು ತಿಂಗಳುಗಟ್ಟಲೆ ಕೂತಾಗ ಇದೊಂದು ನನಗೆ ಹೊಳೆದಿರಲಿಲ್ಲ.

"ನೋಡು, ಫೋನೂ ಒಪ್ಕೊಂಡ್ತು," ಎಂದು ಅಜ್ಜಿ ಮೊಮ್ಮಗಳ ಕಡೆ ತಿರುಗಿದರು. ಸ್ಮಿತಾ ನನ್ನನ್ನು ನೋಡಿದಳು. ಆ ನೋಟವನ್ನು ನಾನು ಇಲ್ಲಿ ವಿವರಿಸುವುದಿಲ್ಲ. ಆಪ್ ಓದಿದ್ದು ಡಬ್ಬಿಯನ್ನು, ಪುಡಿಯನ್ನಲ್ಲ ಎಂದು ನಾನು ಬಿಡಿಸಿ ಹೇಳಿದೆ. ನಿಮ್ಮ ಆಪೇ ಒಪ್ಪಿದ ಮೇಲೆ ನಿಮ್ಮದೇನು ಮೇಷ್ಟ್ರೇ ತಕರಾರು ಎಂದು ಅವರು ಕೇಳಿದರು. ಎಲ್ಲರೂ ನಕ್ಕರು, ನನ್ನ ತಂಗಿಯೂ ನಕ್ಕಳು. ಪುಡಿಗೆ ಏನೇನು ಬೆರೆಸಿದ್ದೀರಿ ಎಂದರೆ, ಅರಿಶಿನ, ಕಡಲೆಹಿಟ್ಟು, ಘಮಘಮ ಅನ್ನಲಿ ಎಂದು ಬಜಾರಿನಿಂದ ತಂದ ಯಾವುದೋ ಸೆಂಟಿನ ಪುಡಿ ಎಂದರು. ಅಷ್ಟರಲ್ಲಿ ಅವರ ಬೆರಳು ಪುಡಿ ಕಲಸಿದ ಬಟ್ಟಲಿನಲ್ಲಿತ್ತು, ಸ್ಮಿತಾ ಕಣ್ಣು ಮುಚ್ಚಿಕೊಂಡಿದ್ದಳು.

ನಾನು ಹೊಸ್ತಿಲು ದಾಟಿ ಒಳಗೆ ಹೋಗಿ ಇಬ್ಬರ ನಡುವೆ ಕೂತೆ.

"ಮೊದಲು ನನಗೆ ಹಚ್ಚಿ ಅಮ್ಮ. ತಿಂಡಿ ಮುಗಿಯೋತನಕ ನೋಡೋಣ. ನಂಗೇನೂ ಆಗದಿದ್ರೆ ಅವಳಿಗೆ ಹಚ್ಚಿ, ನಾನು ತುಟಿ ಬಿಚ್ಚಲ್ಲ."

ಹಚ್ಚಿದರು, ಎರಡೂ ಕೆನ್ನೆಗೆ, ಧಾರಾಳವಾಗಿ. ಅವಲಕ್ಕಿ ಬಂತು. ಮೊದಲ ತಟ್ಟೆಯಲ್ಲಿ ತುರಿಕೆ, ಎರಡನೆಯದರಲ್ಲಿ ಉರಿ. ಕಾಫಿ ಕುಡಿಯುವಾಗ ಲೋಟ ತುಟಿಗೆ ಸರಿಯಾಗಿ ಕೂರಲಿಲ್ಲ. ನಗುತ್ತಿದ್ದವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಗಂಗಮ್ಮನವರು ಹತ್ತಿರ ಬಂದು, ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ನನ್ನ ಕೆನ್ನೆ ತಾವೇ ಒರೆಸಿದರು.

"ನನ್ನ ಮದುವೇಲಿ ನಂಗೂ ಹೀಗೇ ಉರಿದಿತ್ತು," ಎಂದರು ಒರೆಸುತ್ತಲೇ. "ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ."

ಆಮೇಲೆ ಎದ್ದು, ಬರೀ ಅರಿಶಿನದ ಕೊಂಬು ತೇಯ್ದು, ಸ್ಮಿತಾಳ ಕಾಲಿನ ಹೆಬ್ಬೆರಳಿನ ಉಗುರಿಗೆ ಒಂದೊಂದು ಬೊಟ್ಟು ಇಟ್ಟು, ಶಾಸ್ತ್ರ ಆಯಿತು ಎಂದರು.

ಆಪನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಈಗ ಅದು ತೆರೆದ ಕೂಡಲೇ, ಡಬ್ಬಿಯೊಳಗೆ ಇರುವುದು ಡಬ್ಬಿಯ ಮೇಲೆ ಬರೆದದ್ದೇನಾ ಎಂದು ಕೇಳುತ್ತದೆ. ಗೊತ್ತಿಲ್ಲ ಎಂದರೆ ಹಳದಿ. ಹಳದಿಯನ್ನು ವಾಪಸು ಹಾಕುವಾಗ ಫರ್ಹಾನಾ ಮೇಡಂ ಟೀ ತರಿಸಿದರು ಅಷ್ಟೆ. ಮದುವೆಯ ಆಲ್ಬಮ್ಮಿನಲ್ಲಿ ಮದುಮಗಳ ಮುಖ ತಿಳಿಯಾಗಿದೆ. ಅವಳ ಪಕ್ಕ ಊದಿಕೊಂಡು ನಿಂತಿರುವ ಅಪರಿಚಿತ ನಾನೇ.

ನನ್ನ ಮಾತು ನಂಬದಿದ್ದರೆ ನೋಡಿದವರಿದ್ದಾರೆ. ತಂಗಿ ವಸಂತ ಇದ್ದಾಳೆ, ನಕ್ಕದ್ದನ್ನು ಒಪ್ಪುವುದಿಲ್ಲ. ಸ್ಮಿತಾ ಗಂಡನ ಮನೆಯಲ್ಲಿ ಚೆನ್ನಾಗಿದ್ದಾಳೆ. ಗಂಗಮ್ಮನವರೂ ಓಲ್ಡ್ ಟೌನಿನಲ್ಲಿ ಗಟ್ಟಿಯಾಗಿದ್ದಾರೆ. ಹಚ್ಚಿಕೊಳ್ಳಲು ಹೊಸದಾಗಿ ಏನನ್ನು ತಂದರೂ ಈಗ ಆಪನ್ನು ಕೇಳುವುದಿಲ್ಲ, ನನ್ನನ್ನೇ ಶಿವಮೊಗ್ಗದಿಂದ ಕರೆಸಿ ಕೆನ್ನೆ ತೋರಿಸಿ ಎನ್ನುತ್ತಾರೆ.