ನಮ್ಮ ಮನೆಯ ಏಕೈಕ ಅತಿಥಿ

ದಿವಂಗತ ಸಂಸ್ಥೆಯ ಪೂರ್ಣ ನಾಮಧೇಯ ‘ಗ್ರಾಮೀಣ ಸ್ವಾವಲಂಬನ ಅತಿಥಿಗೃಹ’. ವಯಸ್ಸು ಏಳು ತಿಂಗಳು. ತಂದೆ, ಸರ್ಕಾರದ ಅನುದಾನ. ತಾಯಿ, ಈ ಸಾಲುಗಳನ್ನು ಬರೆಯುತ್ತಿರುವ ನಾನು. ಕುಟುಂಬದ ಇತರ ಸದಸ್ಯರೆಂದರೆ ಪಂಪು ರಿಪೇರಿ ಮಾಡುವ ನನ್ನ ಪತಿ ಹಾಗೂ ಜಗುಲಿಯ ಮೇಲೆ ಕುಳಿತು ಬೀದಿಯ ಆಗುಹೋಗುಗಳನ್ನು ಪರಾಮರ್ಶಿಸುವ ನನ್ನ ಅತ್ತೆ. (ಇವರಿಬ್ಬರೂ ಶಿಶುವಿನ ಜನನವನ್ನು ಮೊದಲಿನಿಂದಲೂ ವಿರೋಧಿಸಿದವರು.)

ಹೆಂಚಿನ ಕಾರ್ಖಾನೆ ಮುಚ್ಚಿದ ಮೇಲೆ ನಮ್ಮ ಊರಿನ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಇಳಿಯುವವರಿಲ್ಲವೆಂದು ಮಧ್ಯಾಹ್ನದ ಬಸ್ಸು ಊರೊಳಗೆ ಬರುವುದನ್ನೇ ಬಿಟ್ಟು, ಹೆದ್ದಾರಿಯಲ್ಲಿ ನಿಂತು ಹಾರ್ನ್ ಹೊಡೆದು ಹೋಗುತ್ತಿತ್ತು. ಇಂಥ ಸೊರಗಿದ ಊರುಗಳಲ್ಲಿ ಹೊಸ ಉದ್ಯಮ ಹೂಡುವವರಿಗೆ ಎರಡು ಕಂತುಗಳಲ್ಲಿ ಅನುದಾನ ನೀಡಲಾಗುವುದೆಂದು ಆಗ ಸರ್ಕಾರವು ಸಾರಿತು. ನೆರೆಹೊರೆಯವರು ಕೋಳಿ, ಹೊಲಿಗೆ, ಮೇಣದಬತ್ತಿ ಎಂದು ಅರ್ಜಿ ಹಾಕಿದರು. ಕೂದಲು ನರೆಯತೊಡಗಿದ ವಯಸ್ಸಿನಲ್ಲಿ ಸಂಜೆ ಶಾಲೆ ಸೇರಿ, ಮಕ್ಕಳ ಬೆಂಚಿನಲ್ಲಿ ಮೊಣಕಾಲು ತುರುಕಿಕೊಂಡು ವ್ಯಾಕರಣವನ್ನು ಅರಗಿಸಿಕೊಂಡ ನಾನು, ಕೋಳಿಗಳ ಹಿಂದೆ ಓಡುವುದುಂಟೆ? ಬೀದಿಗೆ ಮುಖ ಮಾಡಿರುವ ಕೋಣೆಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುವುದೆಂದು ತೀರ್ಮಾನಿಸಿದೆ.

“ಇಲ್ಲಿ ಏನಿದೆ ಅಂತ ನೋಡೋಕೆ ಬರ್ತಾರೆ?” ಎಂದರು ನನ್ನವರು.

“ಏನೂ ಇಲ್ಲ ಅಂತಾನೇ ಬರ್ತಾರೆ. ಪಟ್ಟಣದಲ್ಲಿ ಅದು ಸಿಗಲ್ಲ,” ಎಂದೆ.

ಮೊದಲ ಕಂತಿನಲ್ಲಿ ಗೋಡೆಗೆ ಗಾರೆ, ಬಣ್ಣ, ಒಂದು ಮಂಚ ಮತ್ತು ಗೋಡೆಗನ್ನಡಿ ಬಂದವು. ಕೋಣೆಗೆ ಹೊಂದಿಕೊಂಡಂತೆ ಬಚ್ಚಲುಮನೆಯ ಗೋಡೆ ಸೊಂಟದವರೆಗೆ ಎದ್ದು, ಎರಡನೆಯ ಕಂತಿಗಾಗಿ ಬಾಯಿ ತೆರೆದು ನಿಂತಿತು. ಅತ್ತೆಗೆ ಮಂಡಿನೋವು. ಹಿತ್ತಿಲು ದಾಟಿ ಹಳೆಯ ಬಚ್ಚಲಿಗೆ ಹೋಗುವಾಗಲೆಲ್ಲ ಅವರು ಈ ಮೋಟು ಗೋಡೆಯನ್ನು ನೋಡಿ, ನನ್ನನ್ನೂ ನೋಡಿ, ಏನೂ ಹೇಳದೆ ಮುಂದೆ ಸಾಗುತ್ತಿದ್ದರು. (ಹೇಳಿದ್ದರೆ ಉತ್ತರ ಕೊಡಬಹುದಿತ್ತು.)

ಎರಡನೆಯ ಕಂತಿಗೆ ಒಂದೇ ಷರತ್ತು: ತಪಾಸಣೆಯ ದಿನ ಕೋಣೆಯಲ್ಲಿ ಅತಿಥಿ ಇರಬೇಕು. ಅತಿಥಿಗಳಾದರೋ ಬರಲಿಲ್ಲ. ಒಬ್ಬ ದಾರಿ ಕೇಳಲು ಬಂದ. ಇನ್ನೊಬ್ಬ ಮೊಬೈಲ್ ಚಾರ್ಜ್ ಮಾಡಿಕೊಂಡು, ಕೋಣೆಯನ್ನು ಬಹುವಾಗಿ ಮೆಚ್ಚಿ, ಹೊರಟುಹೋದ. ಅಷ್ಟರಲ್ಲಿ ಗುರುವಾರ ತಪಾಸಣೆಯೆಂದು ತಿಳಿದುಬಂತು. ಎದುರುಮನೆಯ ಮೇಣದಬತ್ತಿಯವಳು ಹಿಂದಿನ ವಾರವಷ್ಟೇ ತಪಾಸಣೆಯಲ್ಲಿ ಗೆದ್ದು, ನನ್ನನ್ನು ಕಂಡಾಗ ಕನಿಕರದಿಂದ ತಲೆಯಾಡಿಸತೊಡಗಿದ್ದಳು. ಹಸಿವನ್ನಾದರೂ ತಾಳಬಹುದು, ಕನಿಕರವನ್ನು ತಾಳಲಾಗದು.

ತಾವೇ ಅತಿಥಿಯೆಂದು ನಟಿಸುವುದಾಗಿ ನನ್ನವರು ಮುಂದೆ ಬಂದರು. ಸುಳ್ಳು ನನ್ನ ಹೊಸ್ತಿಲು ದಾಟದೆಂದು ನಾನು ಖಂಡತುಂಡವಾಗಿ ಹೇಳಿದೆ. ರಾತ್ರಿಯಿಡೀ ಯೋಚಿಸಿ, ಸತ್ಯಕ್ಕೂ ಬಚ್ಚಲಿಗೂ ಸಮನಾಗಿ ಸಲ್ಲುವ ಮಾರ್ಗವೊಂದನ್ನು ಕಂಡುಹಿಡಿದೆ. ಅವರು ನಟಿಸತಕ್ಕದ್ದಲ್ಲ, ನಿಜವಾಗಿಯೇ ಅತಿಥಿಯಾಗತಕ್ಕದ್ದು. ಆ ಪ್ರಕಾರ ಬುಧವಾರ ಸಂಜೆ ಅವರು ಚೀಲ ಹಿಡಿದು ಹಿತ್ತಿಲ ಬಾಗಿಲಿನಿಂದ ಹೊರಬಿದ್ದು, ಹೆದ್ದಾರಿಯವರೆಗೆ ನಡೆದು, ಮರಳಿ ಬಂದು ಮುಂಬಾಗಿಲು ತಟ್ಟಿದರು. ಕೋಣೆ ಖಾಲಿ ಇದೆಯೇ ಎಂದು ಕೇಳಿದರು. ಇದೆ ಎಂದೆ. ನನ್ನನ್ನು ‘ಅಮ್ಮಾವ್ರೇ’ ಎನ್ನಬೇಕು, ಅಡುಗೆಮನೆಗೆ ಕಾಲಿಡಬಾರದು, ಅಧಿಕಾರಿ ಏನು ಕೇಳಿದರೂ ಸುಳ್ಳಾಡಬಾರದು ಎಂದು ತಾಕೀತು ಮಾಡಿದೆ. ಅತ್ತೆಗೆ, ಕೇಳಿದ್ದಕ್ಕಷ್ಟೇ ಬಾಯಿ ತೆರೆಯಬೇಕೆಂದು ವಿನಂತಿಸಿಕೊಂಡೆ.

ಅತಿಥಿಗಳು ಆ ಪದವಿಗೆ ಎಷ್ಟು ಬೇಗ ಒಗ್ಗಿದರೆಂದರೆ, ಬೆಳಕು ಹರಿಯುವ ಮೊದಲೇ ಮುಚ್ಚಿದ ಬಾಗಿಲಿನಾಚೆಯಿಂದ ಬಿಸಿನೀರಿಗೆ ಆಜ್ಞೆಯಾಯಿತು. ಆಮೇಲೆ ಚಹಾ, ಆಮೇಲೆ ಇನ್ನೊಂದು ಚಹಾ. “ದಿಂಬು ಸ್ವಲ್ಪ ತಗ್ಗಾಯ್ತು ಅಮ್ಮಾವ್ರೇ” ಎಂದೂ ಕೇಳಿಬಂತು. ಮದುವೆಯಾದಂದಿನಿಂದ ಈ ಮನುಷ್ಯ ಎರಡನೆಯ ಚಹಾ ಕೇಳಿದವರಲ್ಲ. ಉತ್ತರ ಏನೆಂದು ಅವರಿಗೆ ಗೊತ್ತಿತ್ತು. ಆದರೆ ಅತಿಥಿಗೆ ಎದುರಾಡುವಂತಿಲ್ಲ. ಹಲ್ಲು ಕಚ್ಚಿಕೊಂಡು ದಿಂಬು ಬದಲಿಸಿದೆ.

ಅಧಿಕಾರಿ ಎಳೆಯ ವಯಸ್ಸಿನ ಹೆಣ್ಣುಮಗಳು. ಕೊಡೆ ಮಡಚುತ್ತ ಜಗುಲಿಯಲ್ಲೇ ನಿಂತು, ಅತಿಥಿ ಯಾರಾದರೂ ಇದ್ದಾರೆಯೇ ಎಂದು ಅತ್ತೆಯನ್ನು ವಿಚಾರಿಸಿದಳು.

“ಇದ್ದಾನೆ ಕಣಮ್ಮ. ತುಂಬಾ ದಿನದಿಂದ ಇದ್ದಾನೆ,” ಎಂದರು ಅತ್ತೆ.

ಒಳಗೆ ನನ್ನವರು ಕಾಲು ಚಾಚಿ ಕುಳಿತಿದ್ದರು. ಯಾವ ಊರೆಂದು ಕೇಳಿದ್ದಕ್ಕೆ, ಇಲ್ಲೇ ಹತ್ತಿರ ಎಂದರು. ಇಷ್ಟು ಹತ್ತಿರದವರು ಇಲ್ಲೇಕೆ ತಂಗಿದ್ದೀರಿ ಎಂದು ಅವಳು ಕೇಳಿದಳು. ಅವರು ಚಹಾವನ್ನು ನಿಧಾನವಾಗಿ ಗುಟುಕರಿಸಿದರು.

“ಮನೇಲಿ ಹೆಂಡ್ತಿ ಇದ್ದಾಳೆ, ಮೇಡಂ.”

ಅಲ್ಲಿಂದ ಮುಂದೆ ಕಟ್ಟೆಯೊಡೆಯಿತು. ಟವೆಲನ್ನು ಮೂರು ಮಡಿಕೆ ಮಾಡದಿದ್ದರೆ ಆಕೆ ಮತ್ತೆ ಬಿಡಿಸಿ ಕೊಡುತ್ತಾಳಂತೆ. ಗಿರಾಕಿಗಳಿಗೆ ಬರೆದ ರಸೀದಿಯ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದುತ್ತಾಳಂತೆ. ನಿದ್ದೆಯಲ್ಲಿ ಕನವರಿಸಿದರೆ, ವಾಕ್ಯ ಪೂರ್ಣವಾಗಲಿಲ್ಲವೆಂದು ಎಬ್ಬಿಸುತ್ತಾಳಂತೆ. ಒಂದೊಂದೂ ಅಪ್ಪಟ ಸತ್ಯ. ಟ್ರೇ ಹಿಡಿದು ನಿಂತ ನಾನು ಮುಗುಳುನಗೆಯನ್ನು ಜಾರದಂತೆ ಕಾಯ್ದುಕೊಂಡೆ.

“ಇಲ್ಲಿ ಹಾಗಲ್ಲ ಮೇಡಂ,” ಎಂದರು ಅವರು. “ಈ ಅಮ್ಮಾವ್ರು ‘ಸಾಕಾ, ಇನ್ನೂ ಬೇಕಾ’ ಅಂತ ಕೇಳ್ತಾರೆ. ನಿನ್ನೆ ರಾತ್ರಿ ಒಂದು ಕೆಟ್ಟ ಪಂಪಿನ ವಿಷಯ ಹೇಳಿದೆ. ಕೊನೇವರೆಗೂ ಕೇಳಿಸ್ಕೊಂಡ್ರು.”

ಆ ಧ್ವನಿಯಲ್ಲಿ ಕುಚೋದ್ಯವಿರಲಿಲ್ಲ. ನನಗೆ ಅದೇ ಹೆಚ್ಚು ಚುಚ್ಚಿತು.

ಅಧಿಕಾರಿಯ ಮುಖ ಅರಳಿತು. ಇಂಥ ಆತಿಥ್ಯಕ್ಕೇ ಈ ಯೋಜನೆ ಹುಟ್ಟಿದ್ದು ಎನ್ನುತ್ತ, ಸಹಿ ಹಾಕಲು ಪೆನ್ನು ತೆರೆದಳು. ನನ್ನ ಕಣ್ಣ ಮುಂದೆ ಬಚ್ಚಲಿಗೆ ಸೂರು ಬಂತು, ಬಾಗಿಲು ಬಂತು, ಚಿಲಕವೂ ಬಂತು. ಪೆನ್ನು ಕಾಗದವನ್ನು ಮುಟ್ಟುವ ಮೊದಲು ಅವಳು ತಲೆಯೆತ್ತಿದಳು.

“ಮುಂದಿನ ಸಲ ನಿಮ್ಮ ಮನೆಯವರನ್ನೂ ಕರ್ಕೊಂಡು ಬನ್ನಿ. ಎರಡು ದಿನ ಈ ಅಮ್ಮನ ಹತ್ರ ಇದ್ದು, ಹೇಗಿರಬೇಕು ಅಂತ ಕಲಿತು ಹೋಗ್ಲಿ.”

ನಾನು ಟ್ರೇ ಕೆಳಗಿಟ್ಟೆ.

“ಈ ಅಮ್ಮನಿಂದ ಆಕೆ ಕಲಿಯೋ ಅಂಥದ್ದು ಏನೂ ಇಲ್ಲ,” ಎಂದೆ.

“ಅವರು ನಿಮಗೆ ಪರಿಚಯನಾ?”

“ಆ ಹೆಂಡ್ತಿ ನಾನೇ.”

ಅಧಿಕಾರಿ ಅವರನ್ನು ನೋಡಿದಳು. ಅವರು ಲೋಟದ ತಳವನ್ನು ನೋಡಿದರು. ಜಗುಲಿಯಿಂದ ಅತ್ತೆಯ ಮಾತು ಕೇಳಿಸಿತು: “ನಾನಂತೂ ಬಾಯಿ ಬಿಟ್ಟಿಲ್ಲಪ್ಪ.”

ಅಧಿಕಾರಿ ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದು ಸಾಕಷ್ಟು ಹೊತ್ತು ನಕ್ಕಳು. ಬಳಿಕ ಸರ್ಕಾರಕ್ಕೆ ಒಪ್ಪುವ ಮುಖ ಮಾಡಿಕೊಂಡು, ಮನೆಯವರನ್ನು ಅತಿಥಿಯೆಂದು ಲೆಕ್ಕಕ್ಕೆ ಹಿಡಿಯಲು ಬರುವುದಿಲ್ಲವೆಂದು ವಿಷಾದದಿಂದ ತಿಳಿಸಿ, ‘ಉಪಚಾರ ಉತ್ತಮ, ಅತಿಥಿ ಅನರ್ಹ’ ಎಂದು ಬರೆದು ಹೊರಟಳು.

“ಒಂದು ನಿಮಿಷ ಸುಮ್ನಿದ್ದಿದ್ರೆ ಬಚ್ಚಲು ಆಗ್ತಿತ್ತಲ್ಲೇ,” ಎಂದರು ನನ್ನವರು.

“ನೀವು ಸುಮ್ನಿದ್ದಿದ್ರೂ ಆಗ್ತಿತ್ತು.”

“ಸುಳ್ಳು ಹೇಳ್ಬೇಡಿ ಅಂದಿದ್ದು ನೀನೇ.”

ಅತಿಥಿಯ ಖಾಲಿ ಲೋಟವನ್ನು ಟ್ರೇಯಲ್ಲಿಟ್ಟುಕೊಂಡು ಒಳಗೆ ನಡೆದೆ.

ಹೀಗೆ ಸಂಸ್ಥೆಯು ಗುರುವಾರ ಮಧ್ಯಾಹ್ನ ಶಾಂತವಾಗಿ ಕಣ್ಮುಚ್ಚಿತು. ಅದು ಬಿಟ್ಟುಹೋದವುಗಳು ಹೀಗಿವೆ: ಸೊಂಟದೆತ್ತರದ ಗೋಡೆಯೊಂದು (ನನ್ನವರು ಭಾನುವಾರಗಳಂದು ಅದನ್ನು ಎತ್ತರಿಸಿ, ಕಾರ್ಖಾನೆಯ ಒಡಕು ಹೆಂಚುಗಳನ್ನು ಆಯ್ದು ತಂದು ಸೂರು ಹೊದಿಸುತ್ತಿದ್ದಾರೆ, ಅತ್ತೆ ಕುರ್ಚಿ ಹಾಕಿಸಿಕೊಂಡು ಮೇಲ್ವಿಚಾರಣೆ ನಡೆಸುತ್ತಾರೆ), ಎದುರುಮನೆಯವಳು ಬಿಸಿ ಮೇಣದಬತ್ತಿಗಳನ್ನು ಹರಡಿ ತಣಿಸಲು ಕೇಳಿ ಪಡೆದ ಅತಿಥಿಗೃಹದ ನಾಮಫಲಕ, ಕುಟುಂಬದ ಯಾರಿಗೂ ಮುಖ ಪೂರ್ತಿ ಕಾಣದಷ್ಟು ಎತ್ತರಕ್ಕೆ ತೂಗುಹಾಕಿದ ಗೋಡೆಗನ್ನಡಿ, ಮತ್ತು ಬೀದಿಬದಿಯ ಕೋಣೆಯನ್ನು ಈವರೆಗೂ ತೆರವು ಮಾಡದ ಅತಿಥಿ ಒಬ್ಬರು. ಇವರಿಗೆ ನೋಟೀಸು ಕೊಡುವ ಅಧಿಕಾರ ನನಗಿದೆ. ಕೊಟ್ಟಿಲ್ಲ.