ಮಾಂತೋಂ ಊರಿನ ಚರಿತ್ರೆಯೂ ನಮ್ಮ ಚಿಕ್ಕಮ್ಮನೂ

ಸುಳ್ಯದ ಪೇಟೆಯಲ್ಲಿ ನಮ್ಮ ಚಿಕ್ಕಮ್ಮನ ಹತ್ತಿರ ಗಂಟೆ ಎಷ್ಟಾಯಿತೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವರು ಜಗಳಗಂಟಿ ಎಂದುಕೊಳ್ಳಬೇಡಿ. ಕೇಳಿದವರಿಗೆ ಗಂಟೆ ಹೇಳುತ್ತಿದ್ದರು. ಜೊತೆಗೆ ಮಾಂತೋಂನಲ್ಲಿ ಈಗ ಗಂಟೆ ಎಷ್ಟೆಂದೂ ಹೇಳುತ್ತಿದ್ದರು. “ಮಾಂತೋಂ ಅಂದರೆ ಎಂತದ್ದು?” ಎಂದು ಯಾರಾದರೂ ಬಾಯ್ತಪ್ಪಿ ಕೇಳಿದರೋ, ಆ ಮನುಷ್ಯನ ಬಸ್ಸು ತಪ್ಪಿತೆಂದೇ ಲೆಕ್ಕ.

ಮಾಂತೋಂ ಎಂದರೆ ಫ್ರಾನ್ಸ್ ದೇಶದ ತೆಂಕಣ ಕರಾವಳಿಯಲ್ಲಿ, ಇಟಲಿಯ ಗಡಿಗೆ ತಾಗಿಕೊಂಡಿರುವ ಒಂದು ಪೇಟೆ. ಹಣವಂತರು ಚಳಿಗಾಲ ಕಳೆಯಲು ಹೋಗುವ ಜಾಗ. ಸುಳ್ಯದ ಹೆಂಗಸಿಗೂ ಅದಕ್ಕೂ ಎಲ್ಲಿಂದೆಲ್ಲಿಯ ನಂಟು? ಚಿಕ್ಕಮ್ಮ ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡವರು. ಗಂಡನ ಮನೆಯಲ್ಲಿ ನಿಲ್ಲಲಾಗದೆ ಮಡಿಕೇರಿ ಕಡೆಯ ಕಾಫಿ ತೋಟದ ಬಂಗಲೆಗೆ ಆಯಾ ಆಗಿ ಸೇರಿದರು. ಅಲ್ಲಿಯ ದೊರೆಸಾನಿಗೆ ಎದೆಯ ರೋಗ ಅಂಟಿತು. ಬಿಸಿಲಿರುವ ಸಮುದ್ರದ ದಂಡೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ್ದೇ ತಡ, ದೊರೆ ಹೆಂಡತಿಯನ್ನು ಮಾಂತೋಂಗೆ ಕಳಿಸಿದ. ನೋಡಿಕೊಳ್ಳಲು ಚಿಕ್ಕಮ್ಮನನ್ನೂ ಹಡಗು ಹತ್ತಿಸಿದ. ದೊರೆಸಾನಿ ವಾಪಸು ಬರಲಿಲ್ಲ. ಅಲ್ಲಿಯ ಗುಡ್ಡದ ಮೇಲೆ ಮಣ್ಣಾದಳು. ಚಿಕ್ಕಮ್ಮ ಒಬ್ಬರೇ ಬಂದರು. ಸಮುದ್ರ ದಾಟಿ ಬಿಳಿಯರ ಅಡುಗೆಮನೆಯಲ್ಲಿ ಉಂಡವಳೆಂದು ತವರಿನವರು ಒಳಗೆ ಕರೆಯಲಿಲ್ಲ. ಸ್ವಂತ ಅಕ್ಕ, ಅಂದರೆ ನನ್ನ ಅಮ್ಮ, ಅವರೂ ಕರೆಯಲಿಲ್ಲ.

ಇದೆಲ್ಲ ನಾನು ಹುಟ್ಟುವ ಮೊದಲಿನ ಮಾತು. ನಾನು ಬುದ್ಧಿ ಬಂದು ನೋಡುವಾಗ, ಐವತ್ತರ ದಶಕದಲ್ಲಿ, ಚಿಕ್ಕಮ್ಮ ಬಸ್ಸು ನಿಲ್ಲುವ ಜಾಗದ ಹಿಂದೆ ಒಂದು ಕೋಣೆ ಹಿಡಿದು ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದರು. ಅಮ್ಮ ನನ್ನನ್ನೂ ಕಳಿಸಿದರು. “ಹೊಲಿಗೆ ಕಲಿ. ಕತೆ ಕೇಳ್ಬೇಡ” ಎಂದಿದ್ದರು. ತಾವು ಮಾತ್ರ ಆ ಬಾಗಿಲಿನವರೆಗೂ ಬಂದವರಲ್ಲ.

ಕತೆ ಕೇಳದೆ ಅಲ್ಲಿ ಸೂಜಿಗೆ ನೂಲು ಪೋಣಿಸುವ ಹಾಗೇ ಇರಲಿಲ್ಲ. ಬಿಳಿಯರ ಪುರಾಣದಲ್ಲಿ ಸ್ವರ್ಗದಿಂದ ಹೊರಗೆ ಹಾಕಿಸಿಕೊಂಡ ಮೊದಲನೆಯ ಹೆಂಗಸು ಸೆರಗಿನಲ್ಲಿ ಒಂದು ಲಿಂಬೆಹಣ್ಣು ಅಡಗಿಸಿ ತಂದು ಮಾಂತೋಂನಲ್ಲಿ ನೆಟ್ಟಳಂತೆ. (ಸ್ವರ್ಗದಲ್ಲಿ ಅವಳಿಗೆ ಸೆರಗು ಎಲ್ಲಿತ್ತು ಎಂದು ಕೇಳಿದ ಹುಡುಗಿ ಆ ದಿನವಿಡೀ ಗುಂಡಿಯ ಕಾಜ ಹೊಲಿದಳು.) ಆಮೇಲೆ ಕಡಲುಗಳ್ಳರು ಬಂದರು. ಅವರಿಗೆ ಹೆದರಿ ಜನ ಗುಡ್ಡದ ಮೇಲೆ ಮನೆಯ ಮೇಲೆ ಮನೆ ಕಟ್ಟಿದರು. ಪಕ್ಕದ ಊರಿನ ರಾಜ ಲಿಂಬೆಗೂ ರೊಟ್ಟಿಗೂ ಸುಂಕ ಹಾಕಿದ. ಜನ ಅವನನ್ನು ಬಿಟ್ಟು ಫ್ರಾನ್ಸಿಗೆ ಸೇರಿದರು. ಕೊನೆಗೆ ಕೆಮ್ಮುತ್ತಾ ಒಬ್ಬ ಇಂಗ್ಲಿಷ್ ಡಾಕ್ಟರು ಬಂದ. ಸಾಯಲು ಬಂದವನು ಸಾಯಲಿಲ್ಲ. ಆ ಸುದ್ದಿ ಹಬ್ಬಿ, ಯುರೋಪಿನಲ್ಲಿ ಕೆಮ್ಮುವವರೆಲ್ಲ ಅಲ್ಲಿಗೇ ಬಂದರು. ರೈಲು ಬಂತು, ದೊಡ್ಡ ದೊಡ್ಡ ಹೋಟೆಲು ಎದ್ದವು, ಇಂಗ್ಲೆಂಡಿನ ರಾಣಿಯೂ ಬಂದಳು.

“ನಮ್ಮಲ್ಲಿಯೂ ಕೆಮ್ಮುವವರು ಬೇಕಾದಷ್ಟು ಉಂಟಲ್ಲ ಚಿಕ್ಕಮ್ಮ,” ಎಂದೆ ನಾನು. “ಸುಳ್ಯಕ್ಕೆ ಯಾಕೆ ರೈಲು ಬರ್ಲಿಲ್ಲ?”

“ಇಲ್ಲಿಯವರು ಮನೆಯಲ್ಲೇ ಕೆಮ್ಮುದು ಮಾರಾಯ್ತಿ. ಊರು ಉದ್ಧಾರ ಆಗ್ಬೇಕಾದರೆ ಪರವೂರಿನವರು ಬಂದು ಕೆಮ್ಮಬೇಕು.”

ಹೀಗೆ ನಮಗೆ ರವಿಕೆಗೆ ತೋಳು ಕೂರಿಸಲು ಬರುವ ಎಷ್ಟೋ ಮೊದಲೇ ಮಾಂತೋಂಗೆ ರೈಲು ಬಂದಾಗಿತ್ತು.

ಒಮ್ಮೆ ಪುತ್ತೂರಿನಿಂದ ಸುಬ್ರಹ್ಮಣ್ಯದ ಬಸ್ಸಿನಲ್ಲಿ ನಾವಿಬ್ಬರೂ ಹೋಗುತ್ತಿದ್ದೆವು. ಪಕ್ಕದಲ್ಲಿ ಘಟ್ಟದ ಮೇಲಿನ ಯಾತ್ರಿಕರೊಬ್ಬರು. ಸಾಧು ಮನುಷ್ಯ. ಚಿಕ್ಕಮ್ಮನ ಕೈಯಲ್ಲಿದ್ದ ಕಸೂತಿಯ ಚೀಲ ನೋಡಿ, “ಚೆನ್ನಾಗಿದೆ, ಎಲ್ಲಿ ಕಲಿತದ್ದು?” ಎಂದು ಕೇಳಿಬಿಟ್ಟರು. ನಾನು ಕಿಟಕಿಯ ಕಡೆಗೆ ಮುಖ ತಿರುಗಿಸಿದೆ. ಕಡಲುಗಳ್ಳರು ಬರುವವರೆಗೂ ಆ ಮನುಷ್ಯ ತಲೆ ಆಡಿಸುತ್ತಿದ್ದರು. ಸುಂಕದ ಹೊತ್ತಿಗೆ ಕಣ್ಣು ಮುಚ್ಚಿದರು. ಆಲಂಕಾರು ಬಂದದ್ದೇ ಗಂಟು ಎತ್ತಿಕೊಂಡು, “ಇಲ್ಲಿ ನಮ್ಮ ನೆಂಟರಿದ್ದಾರೆ” ಎಂದು ಇಳಿದುಬಿಟ್ಟರು. ಮರುದಿನ ದೇವಸ್ಥಾನದಲ್ಲಿ ಪ್ರದಕ್ಷಿಣೆ ಬರುವಾಗ ಚಿಕ್ಕಮ್ಮನನ್ನು ಕಂಡವರು, ಪಾಪ, ತಿರುಗಿ ಉಲ್ಟಾ ಸುತ್ತು ಹಾಕಿದರು.

“ನೋಡು, ಅವರು ರಾಣಿ ಬಂದದ್ದು ಕೇಳಲೇ ಇಲ್ಲ,” ಎಂದರು ಚಿಕ್ಕಮ್ಮ. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು.

ಈ ಬೇಸರವನ್ನು ನಾನು ಸರಿಯಾಗಿ ಕಂಡದ್ದು ಅರಂತೋಡಿನ ಒಂದು ಮದುವೆಯಲ್ಲಿ. ಅಷ್ಟು ಹೊತ್ತಿಗೆ ಕಾಲ ಬದಲಾಗಿತ್ತು. ನೆಂಟರು ಚಿಕ್ಕಮ್ಮನಿಗೂ ಮದುವೆಯ ಹೇಳಿಕೆ ಕಳಿಸತೊಡಗಿದ್ದರು. ಚಪ್ಪರದ ಒಂದು ಮೂಲೆಯ ಚಾಪೆಯಲ್ಲಿ ಅವರು ಕುಳಿತರು. ಸುತ್ತ ಹೆಂಗಸರೂ ಕುಳಿತರು. ಚಿಕ್ಕಮ್ಮ ಶುರು ಮಾಡಿದರು. ಒಬ್ಬಳಿಗೆ ಮಗುವಿನ ನೆನಪಾಯಿತು. ಇನ್ನೊಬ್ಬಳಿಗೆ ಹೂವಿನದು. ಮೂರನೆಯವಳು ಯಾವ ನೆಪವೂ ಹೇಳದೆ ಎದ್ದಳು. ನಾನು ವೀಳ್ಯದ ತಟ್ಟೆ ಹಿಡಿದು ಆ ಕಡೆ ಬರುವಾಗ ಚಾಪೆಯಲ್ಲಿ ಚಿಕ್ಕಮ್ಮ ಒಬ್ಬರೇ. ಮಾತು ಮಾತ್ರ ನಿಂತಿರಲಿಲ್ಲ. ಚಪ್ಪರದ ಕಂಬದ ಕಡೆಗೆ ನೋಡಿಕೊಂಡು, ಮೆಲ್ಲನೆ, ಡಾಕ್ಟರು ಹೇಗೆ ಬದುಕಿದ ಎಂದು ಹೇಳುತ್ತಿದ್ದರು.

ನನಗೆ ನಗು ಬಂತು. ತಿರುಗಿ ನೋಡಿದರೆ ಹಿಂದೆ ಅಮ್ಮ ನಿಂತಿದ್ದರು. ಅವರು ನಗಲಿಲ್ಲ. ಹೋಗಿ ತಂಗಿಯ ಪಕ್ಕ ಕುಳಿತರು.

“ಆಮೇಲೆ ಎಂತ ಆಯ್ತು?” ಎಂದು ಕೇಳಿದರು.

ಚಿಕ್ಕಮ್ಮನ ಮಾತು ತಟ್ಟನೆ ನಿಂತಿತು. ಚಪ್ಪರದಲ್ಲಿ ಓಲಗ ಜೋರಾಗಿತ್ತು. ಕಂಬದಿಂದ ಕಣ್ಣು ತೆಗೆದು ಅಕ್ಕನ ಕಡೆಗೆ ತಿರುಗಿ ಹೇಳಿದರು:

“ನನಗೆ ಸರಿಯಾಗಿ ಗೊತ್ತಿಲ್ಲ ಅಕ್ಕ.”

“ಗೊತ್ತಿಲ್ವಾ? ಇಷ್ಟು ವರ್ಷ ಹೇಳಿದಿ?”

“ಸ್ವಲ್ಪ ದೊರೆಸಾನಿ ಹೇಳಿದ್ದು. ಉಳಿದದ್ದು ಒಬ್ಬಳು ಮುದುಕಿ. ಸಮುದ್ರದ ಹತ್ತಿರ ಒಂದು ಬೆಂಚು ಉಂಟು. ದೊರೆಸಾನಿ ಮಧ್ಯಾಹ್ನ ಮಲಗಿದಾಗ ನಾನು ಅಲ್ಲಿ ಹೋಗಿ ಕೂರುದು. ನನ್ನ ಹತ್ತಿರ ಯಾರೂ ಕೂರ್ತಿರಲಿಲ್ಲ. ಅವಳೊಬ್ಬಳು ಬಂದು ಕೂತು ದಿನಾ ಎಂತದೋ ಹೇಳ್ತಿದ್ದಳು. ಗುಡ್ಡ ತೋರಿಸಿ, ಕಡಲು ತೋರಿಸಿ. ನನಗೆ ಅವಳ ಭಾಷೆಯ ಒಂದು ಮಾತೂ ಬರುದಿಲ್ಲ. ಅವಳು ಸಿಟ್ಟಿನಲ್ಲಿ ಹೇಳಿದರೆ ಸುಂಕದ ಕತೆ ಅಂತ ತಿಳಿದೆ. ನಕ್ಕರೆ ರಾಣಿ ಬಂದದ್ದು. ಕಣ್ಣು ಒರೆಸಿಕೊಂಡರೆ ಕಡಲುಗಳ್ಳರು.” ಚಿಕ್ಕಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. “ಅವಳು ಊರಿನ ಕತೆ ಹೇಳಿದ್ದೋ, ಅವಳ ಮನೆಯ ಕತೆ ಹೇಳಿದ್ದೋ, ಯಾರಿಗೆ ಗೊತ್ತು ಅಕ್ಕ.”

ಎರಡನೆಯ ಪಂಕ್ತಿಗೆ ಎಲೆ ಹಾಕಿದ್ದಾರೆಂದು ಯಾರೋ ಬಂದು ಕರೆದರು. ಚಪ್ಪರದಲ್ಲಿದ್ದವರೆಲ್ಲ ಎದ್ದು ಹೊರಟರು. ಚಿಕ್ಕಮ್ಮನೂ ಏಳಲು ಹೊರಟರು. ಅಮ್ಮ ಅವರ ಕೈ ಹಿಡಿದು ಕೂರಿಸಿದರು.

“ಕೂತುಕೋ. ಊಟ ಮೂರನೇ ಪಂಕ್ತಿಯಲ್ಲಿ ಆಗ್ತದೆ,” ಎಂದರು. “ಆ ಮುದುಕಿ ನೋಡ್ಲಿಕ್ಕೆ ಹೇಗಿದ್ದಳು, ಹೇಳು.”