ಒಂದು ಮೊಳ ಬೆತ್ತಲೆ ಪೈಪು

ಶಾಖ ಕಣ್ಣಿಗೆ ಕಾಣುವುದಿಲ್ಲ; ಅದನ್ನು ಅಂದಾಜು ಮಾಡಲು ಹೊರಟವನ ಪೇಚಾಟ ಮಾತ್ರ ಊರಿಗೆಲ್ಲ ಕಾಣುತ್ತದೆ. ಆದರೂ ಆ ಪೇಚಾಟಗಳಿಗೆ ನಾನು ಋಣಿ, ನನ್ನ ಅನ್ನ ಹುಟ್ಟಿದ್ದೇ ಅಲ್ಲಿ.

ಐವತ್ತರ ದಶಕದ ಕೊನೆಯಲ್ಲಿ ಹೊಳೆನರಸೀಪುರದ ಒಂದು ಅಕ್ಕಿ ಗಿರಣಿಗೆ ಸೂಪರ್‌ವೈಸರಾಗಿ ಸೇರಿದೆ. ಯಜಮಾನರಾದ ಗೌಡರು ಮೊದಲ ದಿನವೇ ಹೇಳಿದರು: "ಬಾಯ್ಲರಿಂದ ಭತ್ತ ಬೇಯ್ಸೋ ತೊಟ್ಟಿಗೆ ಹೋಗೋಷ್ಟರಲ್ಲಿ ಹಬೆಯೆಲ್ಲ ನೀರಾಗೋಯ್ತದೆ. ಸೌದೆ ಸುಟ್ಟಿದ್ದೇ ಬಂತು. ಸರಿ ಮಾಡಿದ್ರೆ ಕೆಲಸ ಕಾಯಂ, ಇಲ್ದಿದ್ರೆ ಹಾಸನದ ಬಸ್ಸು ಹತ್ತು."

೧. ಕಳೆದುಹೋದ ಶಾಖ

ಅಂಗಳದುದ್ದಕ್ಕೂ ಸೊಂಟದೆತ್ತರದಲ್ಲಿ ಬರಿಮೈ ಪೈಪು. ಅದಕ್ಕೆ ಥರ್ಮಾಮೀಟರು ಕಟ್ಟಿ, ಸುತ್ತಳತೆ ಹಿಡಿದು, ಗಾಳಿಗೆ ಹೋಗುವ ಶಾಖವೆಷ್ಟೆಂದು ಗುಣಿಸಿದೆ. ಒಂದು ಕಡೆ ಮಾತ್ರ ಪೈಪು ಲೆಕ್ಕಕ್ಕಿಂತ ತಣ್ಣಗಿತ್ತು. ಹೋಗಿ ನೋಡಿದರೆ, ಭತ್ತ ಹರವುವ ಅಜ್ಜಿ ಹುರುಳಿ ಸಾರಿನ ಚೊಂಬನ್ನು ಅಲ್ಲಿಗೆ ಒತ್ತಿ ಹಿಡಿದು ಬಿಸಿ ಮಾಡುತ್ತಿದ್ದಳು.

"ಇಲ್ಲಿ ಶಾಖ ಕಳೆದುಹೋಗ್ತಿದೆಯಲ್ಲಜ್ಜಿ!"

"ಎಲ್ಲೋಯ್ತದೆ ಸಾ? ಸಾರಲ್ಲೇ ಐತೆ. ಮುದ್ದೆನೂ ಐತೆ, ಬನ್ನಿ ಉಣ್ಣೀರಂತೆ."

ಹೋಟೆಲೂಟಕ್ಕೆ ಬೇಸತ್ತಿದ್ದವನು ನಾನು. ಹುಡುಕುತ್ತಿದ್ದ ನಷ್ಟವನ್ನು ಅಂದು ನಾನೇ ಉಂಡೆ.

೨. ಪೈಪಿಗೆ ಕಂಬಳಿ

ಪೈಪಿಗೆ ತೆಂಗಿನ ನಾರಿನ ಹಗ್ಗ ಸುತ್ತಿಸಿ, ಮೇಲೆ ಹೊಟ್ಟು ಕಲಸಿದ ಮಣ್ಣು ಮೆತ್ತಿಸತೊಡಗಿದೆ. ಅಜ್ಜಿ ಗಲ್ಲಕ್ಕೆ ಕೈಯಿಟ್ಟಳು.

"ಒಳಗೆ ಕುದೀತಾ ಇರೋದುಕ್ಕೆ ಕಂಬ್ಳಿ ಒದಿಸ್ತೀರಲ್ಲ ಸಾ! ಚಳೀಲಿ ನಡುಗೋಳು ನಾನು ಕಣಪ್ಪ. ಅಂಗಾರೆ ನನ್ ಸಾರು?"

ಆ ಮುಖ ನೋಡಲಾರದೆ, ಅವಳ ಜಾಗದಲ್ಲಿ ಒಂದು ಮೊಳ ಬೆತ್ತಲೆಯಾಗಿಯೇ ಬಿಡಿಸಿದೆ. ಅಷ್ಟರಿಂದ ಹೆಚ್ಚೇನೂ ನಷ್ಟವಿಲ್ಲ ಎಂದೂ ಅಂದಾಜು ಮಾಡಿದೆ. ಸಾರು ಉಂಡವನ ಅಂದಾಜು ಇನ್ನು ಹೇಗಿದ್ದೀತು!

೩. ಪರೀಕ್ಷೆ

ಗೌಡರು ಗರಿಗರಿ ಪಂಚೆಯುಟ್ಟು ಪರೀಕ್ಷೆಗೆ ಬಂದರು. ಮೆತ್ತಿದ ಪೈಪನ್ನು ಮುಟ್ಟಿದರು. ಬರೀ ಉಗುರುಬೆಚ್ಚಗಿತ್ತು.

"ಮುಂಚೆ ಮುಟ್ಟಿದ್ರೆ ಕೈ ಸುಡ್ತಿತ್ತು. ಈಗ ಹಬೆನೇ ಇಲ್ವಲ್ಲಯ್ಯಾ! ಇದ್ದಿದ್ದನ್ನೂ ಕೆಡಿಸ್ಬುಟ್ಟೆ."

"ಶಾಖ ಒಳಗೇ ಉಳಿದಿದೆ ಗೌಡ್ರೇ, ಅದಕ್ಕೇ ಹೊರಗೆ..."

"ಸಾಕು. ಸಂಜೆ ಬಸ್ಸು ಹತ್ತು."

ಗೌಡರು ಬೇಸರದಿಂದ ನಾಲ್ಕು ಹೆಜ್ಜೆ ನಡೆದು ಪೈಪಿಗೇ ಒರಗಿದರು. ಒರಗಿದ್ದು ಅಜ್ಜಿಯ ಆ ಒಂದು ಮೊಳಕ್ಕೆ.

"ಅಯ್ಯಯ್ಯಪ್ಪೋ!" ಎಂದು ಪಂಚೆ ಹಿಡಿದುಕೊಂಡು ಭತ್ತದ ರಾಶಿಗೆ ಹಾರಿದರು. ಅಲ್ಲಿಂದಲೇ ಕೂಗಿದರು: "ಹಬೆ ಐತೆ ಕಣಯ್ಯಾ! ಕೆಲಸ ಕಾಯಂ!"

ಆ ಕೆಲಸದಲ್ಲೇ ಮಕ್ಕಳನ್ನು ಓದಿಸಿದೆ. ಇಂದಿಗೂ ಅಜ್ಜಿಯನ್ನು ನೆನೆಯದೆ ಮುದ್ದೆ ಮುರಿಯುವುದಿಲ್ಲ. ಯಾಕೆಂದರೆ ಗೌಡರು ರಾಶಿಯಿಂದ ಎದ್ದು, ಹಿಂಭಾಗ ಸವರಿಕೊಳ್ಳುತ್ತ, "ಅಷ್ಟುದ್ದ ಮುಚ್ಚಿ ಇಷ್ಟನ್ನ ಯಾಕೆ ಬಿಟ್ಟೆ?" ಎಂದು ಗುಡುಗಿದಾಗ ಉತ್ತರ ಕೊಟ್ಟವಳು ಅವಳೇ.

"ತಾವು ಪರೀಕ್ಸೆ ಮಾಡ್ಲಿ ಅಂತ ಬುಟ್ಟವ್ರೆ ಗೌಡ್ರೇ. ಕೈಯಲ್ಲಿ ಮಾಡ್ತೀರಿ ಅಂದ್ಕಂಡಿದ್ದೋ!"